ಮೂರುನೂರ ಹದಿನೆಂಟನೆಯ ವರ್ಗ

ದಾಕ್ಷಾಯಣಿ ಕೊಣ್ಣೂರ ಮಾಡುತ್ತಿದ್ದ ಕೆಲಸವನ್ನು ಅವಳ ಅತ್ತಿಗೆ ಕಸ್ತೂರಿ ತಮ್ಮೂರು ಬನಹಟ್ಟಿಯ ಓಣಿಯವರಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು: "ನಮ್ಮ ನಾದಿನಿ ಹುಚ್ಚಿಗೆ ಹೆಸರಿಡತಾಳ."

ತಮಾಷೆಯಾಗಿ ಕೇಳಿಸಿದರೂ ಮಾತು ಸುಳ್ಳಾಗಿರಲಿಲ್ಲ. ಮನೋರೋಗಗಳ ಪಟ್ಟಿಯನ್ನು ಹಿಂದೆ ವೈದ್ಯರ ಸಮಿತಿಗಳು ಮಾಡುತ್ತಿದ್ದವು. ದೊಡ್ಡ ಮೇಜಿನ ಸುತ್ತ ಕೂತು, ವಾದ ಮಾಡಿ, ಕೊನೆಗೆ ಕೈ ಎತ್ತಿ, ಯಾವುದು ರೋಗ ಯಾವುದು ಅಲ್ಲ ಎಂದು ತೀರ್ಮಾನಿಸುತ್ತಿದ್ದರು. ಒಂದು ಆವೃತ್ತಿಯಲ್ಲಿ ರೋಗಿಯಾಗಿದ್ದವನು ಮುಂದಿನ ಆವೃತ್ತಿಯಲ್ಲಿ ಕೈ ಎತ್ತಿದವರ ಸಂಖ್ಯೆಯ ಮೇಲೆ ಆರೋಗ್ಯವಂತನಾಗುತ್ತಿದ್ದ. ಒಬ್ಬನೇ ರೋಗಿಗೆ ಇಬ್ಬರು ವೈದ್ಯರು ಎರಡು ಹೆಸರು ಹೇಳುವುದಂತೂ ದಿನದ ಮಾತಾಗಿತ್ತು. ಜನ ಬೇಸತ್ತರು, ಸರ್ಕಾರಗಳು ಬೇಸತ್ತವು. ಆಮೇಲೆ ಯಂತ್ರ ಬಂತು.

ಆರೋಗ್ಯ ಕಾರ್ಡಿನ ಜೊತೆ ಎಲ್ಲರಿಗೂ ಮುಂಗೈಗೆ ಕಟ್ಟುವ ಪಟ್ಟಿಯೊಂದನ್ನು ಕೊಟ್ಟರು. ಅದು ಮಾತಿನ ಅರ್ಥವನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ದನಿಯ ಏರಿಳಿತ, ವಾಕ್ಯದ ಉದ್ದ, ಕರೆಗೆ ಮೈ ತಿರುಗುವುದು, ನಿದ್ದೆಯ ಹೊರಳಾಟ, ನಡಿಗೆಯ ವೇಗ, ಇಂಥವನ್ನಷ್ಟೇ ಅಳೆಯುತ್ತಿತ್ತು. ಕೋಟಿಗಟ್ಟಲೆ ಜನರ ಅಳತೆಗಳಲ್ಲಿ ಒಬ್ಬರನ್ನೊಬ್ಬರು ಹೋಲುವವರನ್ನು ಯಂತ್ರ ಗುಂಪು ಮಾಡುತ್ತಿತ್ತು. ಮುಂದೆ ಅವರಿಗೆ ಏನಾಯಿತು ಎಂದು ವರ್ಷಗಟ್ಟಲೆ ನೋಡುತ್ತಿತ್ತು. ಒಂದು ಗುಂಪಿನವರು ಉಳಿದವರಿಗಿಂತ ಹೆಚ್ಚು ನರಳಿದ್ದು ಕಂಡರೆ ಸುತ್ತ ಗೆರೆ ಎಳೆದು ಒಂದು ಸಂಖ್ಯೆ ಕೊಡುತ್ತಿತ್ತು. ಸಂಖ್ಯೆಗೆ ಹೆಸರಿಲ್ಲ, ಕಾರಣವಿಲ್ಲ. ಮೂರು ತಿಂಗಳಿಗೊಮ್ಮೆ ಈ ವರ್ಗಗಳ ಪಟ್ಟಿ ಹೊಸದಾಗುತ್ತಿತ್ತು.

ಆದರೆ ಮನೆಯ ಬಾಗಿಲಿಗೆ ಹೋಗಿ "ನಿಮ್ಮ ಮಗಳು ನೂರ ಹನ್ನೆರಡು" ಎಂದು ಹೇಳಲಾದೀತೆ? ಅದಕ್ಕಾಗಿ ಧಾರವಾಡದ ರಾಜ್ಯ ಮನೋವರ್ಗ ಕೇಂದ್ರದಲ್ಲಿ ಮನೋವೈದ್ಯೆ ದಾಕ್ಷಾಯಣಿ ಇದ್ದಳು. ರಾಜ್ಯದಲ್ಲಿ ಕಂಡುಬಂದ ಪ್ರತಿ ಹೊಸ ಸಂಖ್ಯೆಗೆ ಕನ್ನಡದಲ್ಲಿ ಒಂದು ಹೆಸರು, ಒಂದು ಪುಟದ ವಿವರಣೆ; ಆರೋಗ್ಯ ಸಹಾಯಕಿ ಅದನ್ನು ಮನೆಯವರ ಮುಂದೆ ಓದಿ ಹೇಳಬೇಕು. ಆರು ವರ್ಷದಲ್ಲಿ ನಲವತ್ತೊಂದು ಹೆಸರು ಇಟ್ಟಿದ್ದಳು. ನಲವತ್ತೇಳನೆಯ ವರ್ಗಕ್ಕೆ 'ಮಂಕು' ಎಂದೂ, ನೂರ ಹನ್ನೆರಡಕ್ಕೆ 'ಎದೆನಡುಕ' ಎಂದೂ ಇಟ್ಟವಳು ಅವಳೇ. ಕೇಳಿದವರ ಮುಖ ಕೆಳಗಾಗಬಾರದು, ಅಷ್ಟೇ ಅವಳ ನಿಯಮ.

ಏಪ್ರಿಲ್ ಪರಿಷ್ಕರಣೆಯಲ್ಲಿ ಮೂರುನೂರ ಹದಿನೆಂಟು ಬಂತು.

ಅವಳು ಲಕ್ಷಣಗಳನ್ನು ಒಂದೊಂದಾಗಿ ಓದಿದಳು. ಗಟ್ಟಿ ದನಿ. ದನಿಯಲ್ಲಿ ಏರಿಳಿತ ಕಡಿಮೆ. ಚಿಕ್ಕ ಚಿಕ್ಕ ವಾಕ್ಯ. ಹಿಂದಿನಿಂದ ಕರೆದರೆ ತಿರುಗದಿರುವುದು. ನಿದ್ದೆಯಲ್ಲಿ ಬಲಗೈ ಸೆಕೆಂಡಿಗೆ ಎರಡು ಮೂರು ಸಲ ತುಯ್ಯುವುದು. ರಾಜ್ಯದಲ್ಲಿ ಹನ್ನೊಂದು ಸಾವಿರ ಜನ. ಅವರಲ್ಲಿ ಏಳಕ್ಕೆ ಒಬ್ಬರು ಮೂರು ವರ್ಷದೊಳಗೆ ತಮಗೋ ಇನ್ನೊಬ್ಬರಿಗೋ ಕೇಡು ಮಾಡಿಯಾರು ಎಂಬ ಅಂದಾಜು.

ನಕ್ಷೆ ತೆರೆದಳು. ಕೆಂಪು ಚುಕ್ಕೆಗಳು ರಾಜ್ಯದ ತುಂಬ ಹರಡಿರಲಿಲ್ಲ. ಬನಹಟ್ಟಿ, ರಬಕವಿ, ಇಳಕಲ್ಲು, ಬೆಟಗೇರಿ, ದೊಡ್ಡಬಳ್ಳಾಪುರ. ಐದಾರು ಕಡೆ ದಟ್ಟವಾಗಿ ಕೂತಿದ್ದವು. ಪರದೆಯನ್ನು ಹಾಗೇ ಬಿಟ್ಟು ಕೇಂದ್ರದ ನಿರ್ದೇಶಕ ಡಾ. ರೇಣುಕಾಪ್ರಸಾದರ ಕೋಣೆಗೆ ಹೋದಳು.

"ಸರ್, ಇದು ರೋಗ ಅಲ್ಲ. ಮಗ್ಗ."

"ಅಂದ್ರೆ?"

"ಇವೆಲ್ಲ ವಿದ್ಯುತ್ ಮಗ್ಗದ ಊರುಗಳು. ಮಗ್ಗದ ಸದ್ದಿಗೆ ಇವರ ಕಿವಿ ಹೋಗಿರ್ತದೆ. ಕಿವಿ ಹೋದವರು ಗಟ್ಟಿಯಾಗೇ ಮಾತಾಡೋದು, ಕರೆದರೆ ತಿರುಗೋದಿಲ್ಲ. ಕೈ ತುಯ್ಯೋದು ಮಗ್ಗದಲ್ಲಿ ಆಚೀಚೆ ಓಡೋ ಲಾಳಿಯ ಲೆಕ್ಕ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರ ಕೈ ನಿದ್ದೇಲೂ ನಿಲ್ಲೋದಿಲ್ಲ. ನಾನು ಆ ಊರಲ್ಲೇ ಹುಟ್ಟಿದವಳು."

ರೇಣುಕಾಪ್ರಸಾದರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೈಸೂರಿನ ಕಡೆಯವರು, ಮೆಲ್ಲಗೆ ಮಾತಾಡುವವರು. "ಆಕ್ಷೇಪಣೆ ಹಾಕಿ. ಆರೇಳು ವಾರ ಆಗುತ್ತೆ. ಅಲ್ಲೀವರೆಗೂ ಸಂಖ್ಯೆ ಜಾರೀಲಿರುತ್ತೆ, ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಅಪಾಯದ ಅಂದಾಜು ಹತ್ತಕ್ಕೊಂದನ್ನು ಮೀರಿದ ವರ್ಗದವರು ತಿರುಗುವ ಯಂತ್ರದ ಹತ್ತಿರ ಕೆಲಸ ಮಾಡುವಂತಿಲ್ಲ. ವಾರಕ್ಕೊಮ್ಮೆ ಆರೋಗ್ಯ ಸಹಾಯಕಿ ಮನೆಗೆ ಬಂದು ವಿಚಾರಿಸಬೇಕು. ಹನ್ನೊಂದು ಸಾವಿರ ಜನ ನಾಳೆಯಿಂದ ಮಗ್ಗ ಮುಟ್ಟುವಂತಿರಲಿಲ್ಲ.

ಅವರಲ್ಲಿ ತನ್ನ ಅಣ್ಣನೂ ಇದ್ದಾನೆಯೇ ಎಂದು ಅವಳು ನೋಡಲಿಲ್ಲ. ಹೆಸರುಗಳು ಅವಳಿಗೆ ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ.

*

ಎರಡನೆಯ ಶನಿವಾರ ಬನಹಟ್ಟಿಯಲ್ಲಿ ಬಸ್ಸಿಳಿದಾಗ ಅವಳಿಗೆ ಊರು ತಪ್ಪಿ ಇಳಿದೆನೇನೋ ಅನ್ನಿಸಿತು. ಓಣಿಯಲ್ಲಿ ಕಾಗೆ ಕೂಗುವುದು ಕೇಳುತ್ತಿತ್ತು. ಹುಟ್ಟಿದಾಗಿನಿಂದ ಆ ಓಣಿಯಲ್ಲಿ ಅವಳು ಕಾಗೆಯ ಕೂಗು ಕೇಳಿರಲಿಲ್ಲ. ಮಗ್ಗದ ಶೆಡ್ಡುಗಳ ಬಾಗಿಲು ಮುಚ್ಚಿದ್ದವು, ಕಟ್ಟೆಗಳ ಮೇಲೆ ಗಂಡಸರು ಸುಮ್ಮನೆ ಕೂತಿದ್ದರು. ಅವಳನ್ನು ಕಂಡು ಕೆಲವರು ಎದ್ದು ಒಳಗೆ ಹೋದರು.

ಅಣ್ಣ ಶಿವಲಿಂಗಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಐವತ್ತೊಂದು ವರ್ಷ. ಹದಿನೆಂಟನೆಯ ವಯಸ್ಸಿಗೆ ಮಗ್ಗದ ಮುಂದೆ ನಿಂತವನು. ತಂಗಿಯ ಓದು ಮುಗಿಯುವವರೆಗೆ ಎರಡೆರಡು ಪಾಳಿ ಮಾಡಿದವನು. ಆ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಉಪ್ಪು ಬೇಕಾದರೂ ಕೂಗಿಯೇ ಕೇಳಬೇಕಾಗಿತ್ತು.

ಅವನು ಫೋನನ್ನು ಅವಳ ಮುಂದೆ ಹಿಡಿದ. "ಇದನ್ನ ಓದು. ಹುಚ್ಚ ಅಂತ ಬರದಾರೇನ ನನ್ನ?"

"ಹುಚ್ಚ ಅಂತಲ್ಲೋ ಅಣ್ಣಾ!"

"ಮತ್ತೇನಂತ?"

"ಇನ್ನೂ ಹೆಸರಿಟ್ಟಿಲ್ಲ."

"ಯಾರ ಇಡಬೇಕು?"

ದಾಕ್ಷಾಯಣಿ ಫೋನನ್ನು ಅವನ ಕೈಗೆ ಮರಳಿಸಿದಳು. ಒಳಗಿನಿಂದ ನೀರು ತಂದ ಕಸ್ತೂರಿ ಇಬ್ಬರ ಮುಖವನ್ನೂ ನೋಡಿ ತಂಬಿಗೆಯನ್ನು ಸದ್ದಾಗುವಂತೆ ಕೆಳಗಿಟ್ಟಳು. "ತಂಗೀನ ಮ್ಯಾಲ ಯಾಕ ಸಿಟ್ಟ ಮಾಡತೀರಿ? ಆಕಿ ಬಂದದ್ದ ಇದನ್ನ ತಗಸಾಕ."

"ಹೌದು ವೈನಿ, ತಗಸಾಕನ ಬಂದೇನಿ," ಎಂದಳು ದಾಕ್ಷಾಯಣಿ. ಊರಿಗೆ ಬಂದರೆ ಅವಳ ಮಾತು ತಾನಾಗಿ ಊರಿನದಾಗುತ್ತಿತ್ತು. "ಕಿವಿ ಪರೀಕ್ಷಾ ಮಾಡೂ ಮಶೀನ್ ತಂದೇನಿ. ಓಣಿಯವರನ್ನ ಕರೀರಿ."

ಮೊದಲ ದಿನ ಬಂದವರು ಏಳೇ ಜನ. ಕಸ್ತೂರಿ ಮನೆ ಮನೆಗೆ ಹೋದಳು. "ನಿಮ್ಮ ತಲಿ ಬರೊಬ್ಬರಿ ಐತಿ, ಕಿವಿ ಕೆಟ್ಟಾವು ಅಂತ ಬರಕೊಡತಾಳ, ಬರ್ರಿ," ಎಂದು ಕೂಗಿ ಹೇಳಿದ ಮೇಲೆ ಸಾಲು ನಿಂತಿತು. ನಾಲ್ಕು ಶನಿವಾರ, ನಾಲ್ಕು ಭಾನುವಾರಗಳಲ್ಲಿ ದಾಕ್ಷಾಯಣಿ ಅರವತ್ತನಾಲ್ಕು ಜನರ ಕಿವಿ ಪರೀಕ್ಷಿಸಿದಳು. ಐವತ್ತೆಂಟು ಜನಕ್ಕೆ ಕಿವಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಬ್ಬ ಮಾಲೀಕನನ್ನು ಒಪ್ಪಿಸಿ ಒಂದು ಮಗ್ಗ ಓಡಿಸಿ, ಅದರ ಹೊಡೆತದ ಲಯವನ್ನೂ ಕೆಲಸಗಾರರ ನಿದ್ದೆಯ ಕೈತುಯ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ ಆಗಿದ್ದವು.

ಈ ನಡುವೆ ಪ್ರತಿ ಗುರುವಾರ ಆರೋಗ್ಯ ಸಹಾಯಕಿ ಮಹಾದೇವಿ ಮನೆಗೆ ಬರುತ್ತಿದ್ದಳು. ಮೊದಲ ವಾರ ಶಿವಲಿಂಗಪ್ಪ ಅವಳ ಕಡೆ ಬೆನ್ನು ತಿರುಗಿಸಿ ಕೂತಿದ್ದನಂತೆ. ಅವಳು ಬೇಸರ ಮಾಡಿಕೊಳ್ಳದೆ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ಮುಂದಿಟ್ಟಳಂತೆ.

"ಈಗ ನೋಡು," ಎಂದಳು ಕಸ್ತೂರಿ ಒಂದು ಭಾನುವಾರ ರೊಟ್ಟಿ ಬಡಿಯುತ್ತ. "ನಮ್ಮ ಕೂಡ ಒಂದ ಮಾತಿಲ್ಲ. ಆಕಿ ಬಂದ್ರ ಖಾಲಿ ಶೆಡ್ಡಿಗೆ ಕರಕೊಂಡ ಹೋಗಿ ತಾಸಗಟ್ಟಲೆ ಮಾತಾಡತಾರ. ಏನ ಮಾತಾಡತಾರೋ ಏನೋ."

"ಆಡ್ಲಿ ಬಿಡ್ರಿ ವೈನಿ," ಎಂದಳು ದಾಕ್ಷಾಯಣಿ. ಅವಳ ಕಣ್ಣು ಕಿವಿ ಪರೀಕ್ಷೆಯ ಅಂಕಿಗಳ ಮೇಲಿತ್ತು. ಈ ಮಾತು ಆಮೇಲೆ ಎಷ್ಟೋ ಸಲ ಅವಳಿಗೆ ನೆನಪಾಯಿತು.

*

ಮೇ ಇಪ್ಪತ್ತರಂದು ಆಕ್ಷೇಪಣೆಯ ವಿಚಾರಣೆ ನಡೆಯಿತು. ರೇಣುಕಾಪ್ರಸಾದರು ಅವಳ ವರದಿಯನ್ನು ಎರಡು ಸಲ ಓದಿದ್ದರು. ಅಂಚಿನಲ್ಲಿ ಪೆನ್ಸಿಲ್ಲಿನ ಗುರುತುಗಳಿದ್ದವು.

"ದನಿ, ಕೈ, ತಿರುಗದೇ ಇರೋದು, ಎಲ್ಲಾ ಒಪ್ಪಿದೆ," ಎಂದರು. "ಏಳಕ್ಕೊಂದು ಅನ್ನೋದಕ್ಕೆ ಏನ್ ಹೇಳ್ತೀರಿ? ಅದು ಕಿವಿಯಿಂದ ಬಂದ ಲೆಕ್ಕ ಅಲ್ಲ. ಯಂತ್ರ ಸತ್ತವರನ್ನ ಎಣಿಸಿದೆ."

"ಆ ಸಾವುಗಳಿಗೆ ಬೇರೆ ಕಾರಣಗಳಿವೆ ಸರ್. ಕೆಲಸ ಇಲ್ಲ, ಕಿವಿ ಇಲ್ಲ, ಮನೇಲಿ ಯಾರ ಕೂಡ ಮಾತಿಲ್ಲ…"

"ಯಾಕೆ ಆಗ್ತಿದೆ ಅಂತ ಹೇಳಿದ್ರಿ. ಆಗ್ತಿಲ್ಲ ಅಂತ ಹೇಳಲಿಲ್ಲ."

"ಹನ್ನೊಂದು ಸಾವಿರ ಜನ ಮನೇಲಿ ಕೂತಿದ್ದಾರೆ ಸರ್. ಅವರಲ್ಲಿ ಬಹಳಷ್ಟು ಜನಕ್ಕೆ ಬೇಕಾಗಿರೋದು ಕಿವಿಯ ಯಂತ್ರ. ಮನೋರೋಗದ ಸಂಖ್ಯೆ ಅಲ್ಲ."

ಅವರು ವರದಿಯ ಕೊನೆಯ ಪುಟ ತೆರೆದರು. "ಗೆರೆ ಅಳಿಸಿದ್ರೆ ಒಳಗಿದ್ದವರೆಲ್ಲ ಒಟ್ಟಿಗೆ ಹೊರಗೆ ಬರ್ತಾರೆ ದಾಕ್ಷಾಯಣಿ. ಹನ್ನೊಂದು ಸಾವಿರದಲ್ಲಿ ಆರಿಸಿ ಆರಿಸಿ ಬಿಡೋಕೆ ನಮ್ಮ ಹತ್ರ ದಾರಿ ಇಲ್ಲ. ಅದು ತಲೇಲಿರಲಿ." ಹಾಗೆಂದು ಸಹಿ ಹಾಕಿದರು.

ಅಂದು ಸಂಜೆಯೇ ಮೂರುನೂರ ಹದಿನೆಂಟು ಪಟ್ಟಿಯಿಂದ ಹೋಯಿತು. ಮರುದಿನ ಬನಹಟ್ಟಿಯಿಂದ ಕಸ್ತೂರಿ ಫೋನ್ ಮಾಡಿದಳು. ಅವಳ ಮಾತು ಮೊದಲು ಕೇಳಿಸಲಿಲ್ಲ, ಹಿಂದೆ ಮಗ್ಗಗಳ ಸದ್ದು ತುಂಬಿಕೊಂಡಿತ್ತು. ದಾಕ್ಷಾಯಣಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಆ ಸದ್ದನ್ನೇ ಕೇಳುತ್ತ ನಿಂತಳು. ಓಣಿಯವರು ಪೇಢೆ ಹಂಚಿದರಂತೆ. ಅಣ್ಣನೂ ಫೋನಿಗೆ ಬಂದು ಒಂದೇ ಮಾತು ಕೂಗಿದ: "ಛಲೋ ಮಾಡಿದಿ!"

*

ಜೂನ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಕಸ್ತೂರಿಯ ಫೋನ್ ಬಂತು. ಈ ಸಲ ಹಿಂದೆ ಮಗ್ಗದ ಸದ್ದಿರಲಿಲ್ಲ, ಗಾಳಿಯ ಸದ್ದಿತ್ತು.

"ದಾಕ್ಷಿ, ನೀ ಬಾ. ಈಗ ಬಾ. ಅವರು ಕೆಲಸಕ್ಕ ಹೋಗಿಲ್ಲ. ಹೊಳಿ ದಂಡಿಗೆ ಬಂದ ಕುಂತಾರ. ಮಗ್ಗ ಬಂದಾದ್ರೂ ಸದ್ದ ನಿಂದ್ರವಲ್ಲದು ಅಂತಾರ. ನಾ ಅಂಗಿ ಹಿಡಕೊಂಡ ಕುಂತೀನಿ. ಬಿಟ್ರ ಏನಾಗತೈತೋ ಅಂತ ಅಂಜಿಕಿ ಬಂದೈತಿ."

"ಬಿಡಬ್ಯಾಡ್ರಿ ವೈನಿ. ಹೊರಟೆ. ಬಿಡಬ್ಯಾಡ್ರಿ."

ಕಾರಿನಲ್ಲಿ ಮೂರು ತಾಸಿನ ದಾರಿ. ಚಾಲಕನಿಗೆ ಮೂರು ಸಲ ಬೇಗ ಎಂದಳು. ಯರಗಟ್ಟಿ ದಾಟಿದ ಮೇಲೆ ಮಹಾದೇವಿಗೆ ಫೋನ್ ಮಾಡಿದಳು. ನಮ್ಮಣ್ಣನ ಮನೆಗೆ ಹೋಗುವುದನ್ನು ಯಾವಾಗ ಬಿಟ್ಟಿರಿ ಎಂದು ಕೇಳಿದಳು.

"ನಂಬರ್ ತಗದ ದಿನಾನ ಬಿಟ್ಟದ್ದರಿ ಮೇಡಮ್. ಭೇಟಿ ಪಟ್ಟಿಯೊಳಗ ಅವರ ಹೆಸರ ಬರಲಿಲ್ಲ. ನಾ ಫೈಲಿನ್ಯಾಗ ಬರದ ಇಟ್ಟಿದ್ದೆ ಮೇಡಮ್. ಕಡೀ ನಾಕ ವಾರ ಬರದಿದ್ದೆ. ನಿದ್ದಿ ಇಲ್ಲ, ತಲಿಯೊಳಗ ಮಗ್ಗ ಓಡತೈತಿ, ಇದ್ದ ಏನ ಮಾಡೂದು ಅಂತಾರ, ದೊಡ್ಡ ದವಾಖಾನಿಗೆ ಕಳಸಬೇಕು ಅಂತ. ಮುಂದಿನ ಗುರುವಾರ ಫೈಲ್ ತಗ್ಯಾಕ ಹೋದ್ರ ಫೈಲ ತೆರೀಲಿಲ್ಲ."

"ಯಾರಿಗಾದ್ರೂ ಹೇಳಬಾರದಾಗಿತ್ತೇನು?"

"ಮ್ಯಾಲಿನವರಿಗೆ ಹೇಳಿದೆನ್ರಿ. ವರ್ಗ ತಪ್ಪಿತ್ತು, ತಗದಾರ, ಅವರೆಲ್ಲ ಆರಾಮ ಅದಾರ ಅಂದ್ರು. ಧಾರವಾಡದಿಂದ ಕಾಗದ ಬಂದೈತಿ ಅಂದ್ರು. ಕಾಗದದ ಮ್ಯಾಲ ನಿಮ್ಮ ಹೆಸರಿತ್ತರಿ."

ದಾಕ್ಷಾಯಣಿ ಫೋನ್ ಇಟ್ಟಳು. ಹೊರಗೆ ಕಬ್ಬಿನ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಏಳಕ್ಕೊಂದು, ಎಂದು ಅವಳ ಬಾಯಿ ತಾನಾಗಿ ಹೇಳಿತು. ಹನ್ನೊಂದು ಸಾವಿರವನ್ನು ಏಳರಿಂದ ಭಾಗಿಸಲು ಹೋಗಿ ನಿಲ್ಲಿಸಿದಳು.

ಕೃಷ್ಣಾ ನದಿಯ ದಂಡೆಯಲ್ಲಿ, ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಇಬ್ಬರೂ ಕೂತಿದ್ದರು. ಅಣ್ಣನ ಅಂಗಿಯ ಚುಂಗು ಕಸ್ತೂರಿಯ ಮುಷ್ಟಿಯಲ್ಲಿ ಮುದುಡಿತ್ತು. ಮೂರು ತಾಸು ಹಿಡಿದು ಅವಳ ಬೆರಳು ಬೆಳ್ಳಗಾಗಿದ್ದವು. ದಾಕ್ಷಾಯಣಿ ಅಣ್ಣನ ಇನ್ನೊಂದು ಪಕ್ಕಕ್ಕೆ ಕೂತು ಅವನ ಕಿವಿಯ ಹತ್ತಿರ ಬಾಯಿ ತಂದಳು.

"ಅಣ್ಣಾ, ನನಗ್ಯಾಕ ಹೇಳಲಿಲ್ಲ?"

ಅವನು ನೀರು ನೋಡುತ್ತಲೇ ಹೇಳಿದ. ಅವನ ಗಟ್ಟಿ ದನಿಗೆ ಆಚೆ ದಂಡೆಯಲ್ಲಿದ್ದ ಹೆಂಗಸರು ತಿರುಗಿ ನೋಡಿದರು. "ನಂಬರ್ ಬಂದಾಗ ಸಿಟ್ಟ ಬಂದಿತ್ತು. ಆಮ್ಯಾಲ ಆ ಹುಡಿಗಿ ಹಾಳಿ ಮ್ಯಾಲ ಬರದ ಕೇಳಿದ್ಳು, ರಾತ್ರಿ ಏನ ಕೇಳಸತೈತಿ ಅಂತ. ಹತ್ತ ವರ್ಷ ಆತು ದಾಕ್ಷಿ, ಹಗಲೂ ರಾತ್ರಿ ತಲಿಯಾಗ ಓಡಾಕತ್ತೈತಿ. ಯಾರಿಗೆ ಹೇಳೂದು? ಇಡೀ ಊರ ಮಗ್ಗದಾಗ ಐತಿ. ಆಕಿ ಕೇಳಿದ್ಳು, ಹೇಳಿದೆ. ನೀ ತಗಿಸಿದಿ, ಆಕಿ ಬರೂದ ಬಿಟ್ಳು." ಅವಳ ಕಡೆ ತಿರುಗಿ, "ಊರೆಲ್ಲ ಛಲೋ ಆತು ಅಂತು. ನಾ ಹೆಂಗ ಇಲ್ಲ ಅನ್ನಲಿ?" ಎಂದ.

ದಾಕ್ಷಾಯಣಿ ಎದ್ದು ನಿಂತಳು. ಅವನ ತೋಳು ಹಿಡಿದು ಎಬ್ಬಿಸಿದಳು. ಅವನು ಎದ್ದ.

*

ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ದಾಖಲಾತಿ ಕಿಟಕಿಯಲ್ಲಿದ್ದ ಗುಮಾಸ್ತ ಸಭ್ಯ ಮನುಷ್ಯ. ಆರೋಗ್ಯ ಕಾರ್ಡ್ ತೆಗೆದುಕೊಂಡು ಪರದೆ ನೋಡಿದ.

"ಇವರಿಗೆ ವರ್ಗ ಇಲ್ಲಲ್ರಿ."

"ಇತ್ತು. ತೆಗೆದಿದ್ದಾರೆ."

"ವರ್ಗ ಇಲ್ಲದ ಮಾನಸಿಕ ವಾರ್ಡಿಗೆ ದಾಖಲ ಆಗೂದಿಲ್ರಿ. ಪರದೆ ಮುಂದ ಹೋಗೂದ ಇಲ್ಲ, ನೋಡ್ರಿ." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಸಂಖ್ಯೆಯ ಚೌಕ ಖಾಲಿಯಾಗಿತ್ತು. "ಹೊಸದಾಗಿ ಅಳತಿ ತಗೊಳ್ಳಾಕ ಹದಿನಾಲ್ಕ ದಿನ ಬೇಕು. ಇಲ್ಲಂದ್ರ ಯಾರಾದ್ರೂ ಡಾಕ್ಟರ್ ಸಹಿ ಮಾಡಿ ವರ್ಗ ಕೊಡಬೇಕು."

ಬೆಂಚಿನ ಮೇಲೆ ಕಸ್ತೂರಿ ಇನ್ನೂ ಅಂಗಿಯ ಚುಂಗು ಬಿಟ್ಟಿರಲಿಲ್ಲ. ಶಿವಲಿಂಗಪ್ಪನ ಬಲಗೈ ತೊಡೆಯ ಮೇಲೆ ತುಯ್ಯುತ್ತಿತ್ತು.

ಇದ್ದ ವರ್ಗಗಳನ್ನೆಲ್ಲ ದಾಕ್ಷಾಯಣಿ ಮನಸ್ಸಿನಲ್ಲೇ ತಿರುವಿದಳು. ಯಾವುದೂ ಅಣ್ಣನಿಗೆ ಹೊಂದುತ್ತಿರಲಿಲ್ಲ. ತಕ್ಷಣ ಹಾಸಿಗೆ ಸಿಗುವುದು ನಲವತ್ತೇಳಕ್ಕೆ, ತಾನು 'ಮಂಕು' ಎಂದು ಹೆಸರಿಟ್ಟ ವರ್ಗಕ್ಕೆ, ಮಾತ್ರ. ಆದರೆ ನಲವತ್ತೇಳರವರ ದನಿ ತಗ್ಗಿರುತ್ತದೆ, ನಡಿಗೆ ನಿಧಾನ, ನಿದ್ದೆ ಹೆಚ್ಚು. ಆ ಪುಟವನ್ನು ಬರೆದವಳು ತಾನೇ. ಅಣ್ಣ ಅದರ ಪೂರಾ ತಿರುಗುಮುರುಗು. ಸಹಿ ಮಾಡಿದರೆ ಒಂದು ವರ್ಷ ಅವನು ಮಗ್ಗ ಮುಟ್ಟುವಂತಿಲ್ಲ. ಆಸ್ಪತ್ರೆಯ ದಾಖಲಾತಿಗೆ ಯಂತ್ರ ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅಲ್ಲಿ ಬರೆದ ಸುಳ್ಳು ಅಲ್ಲಿಗೇ ನಿಲ್ಲುವುದಿಲ್ಲ.

"ಬರ್ಕೊಳ್ಳಿ," ಎಂದಳು. "ನಲವತ್ತೇಳು."

ಗುಮಾಸ್ತ ಒತ್ತಿದ. ಪರದೆ ಮುಂದೆ ಹೋಯಿತು. ಅವಳು ಸಹಿ ಮಾಡಿದಳು.

*

ಶಿವಲಿಂಗಪ್ಪ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದ. ವಾರ್ಡಿನ ವೈದ್ಯೆ ಕಾಗದದ ಮೇಲಿನ ವರ್ಗವನ್ನೂ ರೋಗಿಯನ್ನೂ ನೋಡಿ ಹುಬ್ಬೇರಿಸಿದಳು, ಆದರೆ ಏನೂ ಕೇಳಲಿಲ್ಲ. ನಿದ್ದೆಗೆ ಔಷಧಿ ಕೊಟ್ಟಳು. ಮಹಾದೇವಿಯಂತೆ ಅವಳೂ ಹಾಳೆಯ ಮೇಲೆ ಬರೆದು ಮಾತಾಡಿದಳು. ತಲೆಯೊಳಗಿನ ಸದ್ದು ಪೂರ್ತಿ ಹೋಗುವುದಿಲ್ಲ, ಅದರ ಜೊತೆ ಇರುವುದನ್ನು ಕಲಿಯಬಹುದು ಎಂದು ಬರೆದು ತೋರಿಸಿದಾಗ ಅವನು ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡನಂತೆ. ಬಿಡುಗಡೆಯ ದಿನ ಎರಡೂ ಕಿವಿಗೆ ಯಂತ್ರ ಹಾಕಿದರು.

ಮನೆಗೆ ಬಂದ ಮೊದಲ ಬೆಳಿಗ್ಗೆ ಕಸ್ತೂರಿ ಅಡಿಗೆಮನೆಯಿಂದ ರೂಢಿಯಂತೆ ಕೂಗಿದಳು: "ಚಹಾ ಆಗೈತಿ, ಬರ್ರಿ!" ಅವನು ಬೆಚ್ಚಿ ಕಿವಿ ಮುಚ್ಚಿಕೊಂಡ. "ಯಾಕ ಹಂಗ ಒದರತಿ? ಇಲ್ಲೇ ಅದೇನಲ್ಲ."

ಕಸ್ತೂರಿ ಚಹಾದ ಕಪ್ಪು ಹಿಡಿದು ಹೊಸ್ತಿಲಲ್ಲೇ ನಿಂತಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ಗಂಡನ ಜೊತೆ ಮೆಲ್ಲಗೆ ಮಾತಾಡಿರಲಿಲ್ಲ. ಹೇಗೆ ಮಾತಾಡಬೇಕು ಎಂದು ತಿಳಿಯದೆ ಆ ಇಡೀ ಬೆಳಿಗ್ಗೆ ಅವಳು ಸುಮ್ಮನಿದ್ದಳು. ಮರುವಾರದಿಂದ ಅವನ ಮಗ್ಗಕ್ಕೆ ಅವಳು ಹೋದಳು, ಕಿವಿಗೆ ಹತ್ತಿ ಇಟ್ಟುಕೊಂಡು. ಅವನು ಮನೆಯಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ.

ದಾಕ್ಷಾಯಣಿ ಮಾತ್ರ ನೆಮ್ಮದಿಯಾಗಿರಲಿಲ್ಲ. ತಾನು ಬರೆದ ಸಂಖ್ಯೆಯ ಬಗ್ಗೆ ರೇಣುಕಾಪ್ರಸಾದರಿಗೆ ಹೇಳಬೇಕು ಎಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುತ್ತಿದ್ದಳು. ಹೇಳಿದರೆ ದಾಖಲಾತಿ ರದ್ದಾಗುತ್ತದೆ, ಔಷಧಿ ನಿಲ್ಲುತ್ತದೆ ಎಂದು ಪ್ರತಿ ಸಂಜೆ ಸುಮ್ಮನಾಗುತ್ತಿದ್ದಳು. ಜುಲೈ ಪರಿಷ್ಕರಣೆಯ ದಿನ ಹತ್ತಿರ ಬಂದಂತೆ ಊಟ ಸೇರದಾಯಿತು. ಅವಳ ಮುಂಗೈ ಪಟ್ಟಿಯೂ ಎಲ್ಲವನ್ನೂ ಅಳೆಯುತ್ತಲೇ ಇತ್ತಲ್ಲ. ತನಗೂ ಒಂದು ಸಂಖ್ಯೆ ಬಂದೀತೇ ಎಂಬ ಯೋಚನೆ ಬಂದು ಒಂದು ದಿನ ಅವಳಿಗೆ ನಗು ಬಂತು. ಆ ನಗು ಮುಗಿಯುವುದರೊಳಗೆ ಹೆದರಿಕೆಯಾಯಿತು.

ಜುಲೈ ನಾಲ್ಕು, ಶುಕ್ರವಾರ. ಹೊಸ ಪಟ್ಟಿ ಬಂತು. ಹೊಸ ಸಂಖ್ಯೆ ಒಂದೂ ಇರಲಿಲ್ಲ. ಹಳೆಯ ವರ್ಗಗಳ ಗೆರೆಗಳಲ್ಲಿ ಆದ ಬದಲಾವಣೆಗಳನ್ನು ನೋಡುತ್ತ ಹೋದಳು. ನಲವತ್ತೇಳರ ಗೆರೆ ಒಂದು ಕಡೆ ಕೂದಲೆಳೆಯಷ್ಟು ಹೊರಗೆ ಸರಿದಿತ್ತು. ಹಾಗೆ ಸರಿದಾಗ ಹೊಸದಾಗಿ ಒಳಗೆ ಬಂದವರು ಮೂರು ಜನ, ಮೂವರೂ ಇಳಕಲ್ಲಿನವರು. ಗಟ್ಟಿ ದನಿ, ಏರಿಳಿತ ಕಡಿಮೆ, ಬಲಗೈಯ ತುಯ್ತ, ನಾಲ್ಕು ತಾಸಿಗಿಂತ ಕಡಿಮೆ ನಿದ್ದೆ. ನಲವತ್ತೇಳು ಎಂದು ಬರೆಸಿಕೊಂಡು ಆಸ್ಪತ್ರೆ ಸೇರಿದ ಮಗ್ಗದವನು ಅವಳ ಅಣ್ಣ ಒಬ್ಬನೇ. ಯಂತ್ರ ಅವನನ್ನು ನೋಡಿ, ಅವನಂತೆ ಯಾರಿದ್ದಾರೆ ಎಂದು ಹುಡುಕಿತ್ತು.

ಅವಳು ರೇಣುಕಾಪ್ರಸಾದರ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿದಳು. ಅವರು ಕೊನೆಯವರೆಗೆ ಕೇಳಿದರು.

"ಸುಳ್ಳು ಅಂತ ಗೊತ್ತಿದ್ದೇ ಸಹಿ ಮಾಡಿದ್ರಾ?"

"ಹೌದು ಸರ್."

"ಅಣ್ಣ ಹೇಗಿದಾರೆ ಈಗ?"

"ನಿದ್ದೆ ಮಾಡ್ತಾನೆ. ಐದು ತಾಸು."

ಅವರು ಮುಂದಿದ್ದ ಕಾಗದಗಳನ್ನು ಸರಿಮಾಡಿದರು. "ನಾನು ವರದಿ ಮಾಡಲೇಬೇಕು. ನಿಮ್ಮನ್ನ ಈ ಕೆಲಸದಿಂದ ತೆಗೀತಾರೆ, ಬಹುಶಃ. ನಿಮ್ಮಣ್ಣನ ಫೈಲು ವಾರ್ಡಿನ ವೈದ್ಯರ ಕೈಲಿರೋ ಹಾಗೆ ನೋಡ್ಕೋತೀನಿ, ಅಷ್ಟು ನನ್ನಿಂದ ಆಗುತ್ತೆ." ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹಾಯಿಸಿದರು. "ಸೋಮವಾರ ಬರೀತೀನಿ. ಅಲ್ಲೀವರೆಗೆ ನೀವು ಪರಿಶೀಲನಾಧಿಕಾರಿ. ಹಳೇ ವರ್ಗದ ಗೆರೆ ಸರಿದು ಹೊಸದಾಗಿ ಒಳಗೆ ಬಂದವರನ್ನ ಮಾತ್ರ ಒಬ್ಬೊಬ್ಬರಾಗಿ ಕಂಡು ಮಾತಾಡಿಸಿ, ತಪ್ಪಿದ್ರೆ ಬಿಡಿಸೋ ಹಕ್ಕು ನಿಮಗಿದೆ. ಈ ಮೂವರನ್ನ ಒಳಗೆ ಕರ್ಕೊಂಡು ಬಂದವರು ನೀವು. ಹೋಗಿ ನೋಡಿ." ಮೂರು ವಿಳಾಸಗಳನ್ನು ತಾವೇ ಕೈಯಿಂದ ಬರೆದುಕೊಟ್ಟರು.

ಶನಿವಾರ ಬೆಳಿಗ್ಗೆ ಅವಳು ಇಳಕಲ್ಲಿನಲ್ಲಿದ್ದಳು.

ಮೊದಲನೆಯವನು ಹನಮಂತ, ಮೂವತ್ತು ವರ್ಷದ ಸೀರೆ ನೇಕಾರ. ಹಿಂದಿನ ದಿನ ಸಂದೇಶ ಬಂದು ಮಗ್ಗ ನಿಲ್ಲಿಸಿದ ಸಿಟ್ಟಿನಲ್ಲಿದ್ದ. ನಿದ್ದೆ ಯಾಕಿಲ್ಲ ಎಂದು ಕೇಳಿದರೆ ತೊಟ್ಟಿಲು ತೋರಿಸಿದ. ಎರಡು ತಿಂಗಳ ಕೂಸು ಕೈಕಾಲು ಬಡಿಯುತ್ತ ಅಳುತ್ತಿತ್ತು. "ಇದಕ್ಕ ಒಂದ ನಂಬರ್ ಕೊಡ್ರಿ ಮೊದಲ!" ಎಂದ. ಅವನನ್ನು ವರ್ಗದಿಂದ ಬಿಡಿಸುವ ಕಾಗದಕ್ಕೆ ಅವಳು ಅಲ್ಲೇ ನಿಂತು ಸಹಿ ಹಾಕಿದಳು. ಎರಡನೆಯ ವಿಳಾಸದಲ್ಲಿ ಒಬ್ಬ ಮುದುಕ. ರಾತ್ರಿಯೆಲ್ಲ ಎಚ್ಚರವಿದ್ದು ಭಜನೆಗೆ ಹೋಗುತ್ತಾನೆಂದು ಸೊಸೆ ಹೇಳಿದಳು. ಮುದುಕ ಖುಷಿಯಾಗಿಯೇ ಇದ್ದ. ಅಲ್ಲೂ ಸಹಿ ಹಾಕಿದಳು.

ಮೂರನೆಯದು ಬಸಲಿಂಗವ್ವ, ನಲವತ್ತರ ಆಸುಪಾಸಿನವಳು. ಒಂದೇ ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಒಳಗೆ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ದಾಕ್ಷಾಯಣಿ ತಾನು ಯಾರೆಂದು ಹೇಳಿದಳು, ಕೇಳಿಸಲಿಲ್ಲ. ಜೋರಾಗಿ ಹೇಳಿದಳು. ಹೆಂಗಸು ತಲೆಯಾಡಿಸಿ, ಬೆದರಿದ ಮುಖದಲ್ಲಿ ನಕ್ಕಳು.

"ಆರಾಮ ಅದೇನ್ರಿ. ನನಗೇನಾಗಿಲ್ಲ. ಹೆಸರ ತಗದ ಬಿಡ್ರಿ."

ಕಾಗದ ಕೈಯಲ್ಲೇ ಇತ್ತು. ಪೆನ್ನೂ ತೆರೆದಿತ್ತು. ಪಕ್ಕದ ಮನೆಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತು ಇತ್ತಲೇ ನೋಡುತ್ತಿದ್ದರು. ಕೂಗಿ ಕೇಳುವಂತಿರಲಿಲ್ಲ. ದಾಕ್ಷಾಯಣಿ ಹೊಸ್ತಿಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಬಸಲಿಂಗವ್ವನ ಕಿವಿಗೆ ಬಾಯಿ ಹಚ್ಚಿ ಕೇಳಿದಳು.

"ಮಗ್ಗ ಬಂದಾದ ಮ್ಯಾಲೂ ತಲಿಯೊಳಗ ಸದ್ದ ಕೇಳತೈತೇನವ್ವಾ?"

ರಾಟಿ ತಿರುಗುತ್ತಿತ್ತು. ಬಸಲಿಂಗವ್ವ ಅಂಗೈಯಿಟ್ಟು ಅದನ್ನು ನಿಲ್ಲಿಸಿದಳು. ಎಳೆ ಹರಿದು ಹೋಯಿತು, ನೋಡಲಿಲ್ಲ. ದಾಕ್ಷಾಯಣಿಯ ಕಡೆ ತಿರುಗಿದಳು.

"ಯಾರ ಹೇಳಿದ್ರು ನಿಮಗ?"

ದಾಕ್ಷಾಯಣಿ ಪೆನ್ನು ಮುಚ್ಚಿದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಅವಳ ಎದುರು ನೆಲದ ಮೇಲೆ ಕೂತಳು.